ಓಡುವ ಪ್ರೋಟಾನಿನ ಗದ್ದಲ ಇಳಿಸುವುದು ಹೇಗೆ: ಲ್ಯಾಟಿಸ್ ಕ್ಯೂಸಿಡಿ ಲೆಕ್ಕಕ್ಕೆ ಹಂತ ಹಂತದ ಮಾರ್ಗದರ್ಶಿ

ಲ್ಯಾಟಿಸ್ ಕ್ಯೂಸಿಡಿಯಲ್ಲಿ (ಕ್ವಾರ್ಕ್, ಗ್ಲುವಾನ್‌ಗಳ ಭೌತಶಾಸ್ತ್ರವನ್ನು ದೇಶ-ಕಾಲದ ಬಿಂದುಜಾಲದ ಮೇಲೆ ಕಂಪ್ಯೂಟರಿನಿಂದ ಲೆಕ್ಕಹಾಕುವ ವಿಧಾನದಲ್ಲಿ) ಕೆಲಸ ಶುರುಮಾಡಿದವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ನಿಂತ ಪ್ರೋಟಾನಿನ ದ್ರವ್ಯರಾಶಿ ಚೆನ್ನಾಗಿ ಬರುತ್ತದೆ. ಅದಕ್ಕೆ ಸಂವೇಗ ಕೊಟ್ಟ ಕೂಡಲೇ ಆರೇಳು ಹೆಜ್ಜೆಯಲ್ಲಿ ಎಲ್ಲ ಕಲಸಿಹೋಗುತ್ತದೆ. ಕೋಡ್ ತಪ್ಪಿದೆಯೋ, ಕಾನ್ಫಿಗರೇಶನ್ ಸಾಲದೋ?" ಬಹಳ ಸಲ ಎರಡೂ ಅಲ್ಲ. ಗದ್ದಲ, ಅಂದರೆ ಮಾದರಿಯಿಂದ ಮಾದರಿಗೆ ಉತ್ತರ ಏರಿಳಿಯುವುದು, ಬರುವುದು ಭೌತಶಾಸ್ತ್ರದಿಂದಲೇ. ಅದಕ್ಕೆ ಮದ್ದಿದೆ, ಆದರೆ ಮದ್ದು ಕೊಡುವ ಕ್ರಮ ತಪ್ಪಿದರೆ ತಿಂಗಳುಗಟ್ಟಲೆ ಜಿಪಿಯು ಸಮಯ ವ್ಯರ್ಥವಾಗುತ್ತದೆ. ಈ ಲೇಖನ ಆ ಕ್ರಮದ ಬಗ್ಗೆ.

ಒಂದು ಲ್ಯಾಟಿಸ್ ಲೆಕ್ಕವನ್ನು, ಅಂದರೆ ಎರಡು ಬಿಂದುಗಳ ಕೊರಿಲೇಟರನ್ನು (ಒಂದೆಡೆ ಕಣ ಹುಟ್ಟಿಸಿ ಇನ್ನೊಂದೆಡೆ ಹಿಡಿದಾಗ ಸಿಗುವ ಸಂಕೇತವನ್ನು), ನೀವು ಈಗಾಗಲೇ ಓಡಿಸಿದ್ದೀರಿ ಎಂದುಕೊಂಡು ಬರೆಯುತ್ತಿದ್ದೇನೆ. ಬಳಸುವ ಪದಗಳನ್ನು ಮೊದಲು ಹೇಳಿಬಿಡುತ್ತೇನೆ. ಕಾನ್ಫಿಗರೇಶನ್ ಎಂದರೆ ಗ್ಲುವಾನ್ ಕ್ಷೇತ್ರದ ಒಂದು ಮಾದರಿ ಚಿತ್ರ. ಪ್ರಾಪಗೇಟರ್ ಎಂದರೆ ಆ ಚಿತ್ರದೊಳಗೆ ಒಂದು ಕ್ವಾರ್ಕ್ ಒಂದು ಬಿಂದುವಿನಿಂದ ಉಳಿದೆಲ್ಲ ಬಿಂದುಗಳಿಗೆ ಹೋಗುವ ಲೆಕ್ಕ. ಅದನ್ನು ಪಡೆಯಲು ಡಿರಾಕ್ ಮ್ಯಾಟ್ರಿಕ್ಸನ್ನು ಬಿಡಿಸುವ ಕೆಲಸಕ್ಕೆ ಇನ್ವರ್ಶನ್ ಎನ್ನುತ್ತೇವೆ. ಖರ್ಚಿನ ಬಹುಪಾಲು ಇದರದ್ದೇ. ಕ್ವಾರ್ಕ್‌ಗಳನ್ನು ಹುಟ್ಟಿಸುವ ಜಾಗ ಸೋರ್ಸ್, ಹಿಡಿಯುವ ಜಾಗ ಸಿಂಕ್. ಎರಡರ ನಡುವಿನ ಕಾಲಾಂತರವನ್ನು ಹೆಜ್ಜೆಗಳಲ್ಲಿ ಎಣಿಸುತ್ತೇವೆ. ಪ್ರೋಟಾನ್, ನ್ಯೂಟ್ರಾನ್ ಎರಡಕ್ಕೂ ಸೇರಿದ ಹೆಸರು ನ್ಯೂಕ್ಲಿಯಾನ್.

ಪ್ರೋಟಾನನ್ನು ಓಡಿಸುವುದೇಕೆ ಎನ್ನುವವರಿಗೆ ಒಂದು ಮಾತು. ಪ್ರೋಟಾನಿನೊಳಗೆ ಕ್ವಾರ್ಕ್‌ಗಳು ಸಂವೇಗವನ್ನು ಹೇಗೆ ಹಂಚಿಕೊಂಡಿವೆ ಎಂಬುದನ್ನು ಲ್ಯಾಟಿಸ್ ಮೇಲೆ ನೇರವಾಗಿ ಅಳೆಯಲು ಬರುವುದಿಲ್ಲ. ವೇಗವಾಗಿ ಓಡುವ ಪ್ರೋಟಾನಿನಲ್ಲಿ ಅಳೆದು ಅಲ್ಲಿಂದ ಆ ಹಂಚಿಕೆಯನ್ನು ಪಡೆಯಬಹುದು ಎಂದು 2013ರಲ್ಲಿ ಶಿಯಾಂಗ್‌ಡಾಂಗ್ ಜಿ ತೋರಿಸಿದರು. ಆ ದಾರಿಯಲ್ಲಿ ವೇಗ ಹೆಚ್ಚಿದಷ್ಟೂ ತಿದ್ದುಪಡಿ ಕಡಿಮೆ. ಹಾಗಾಗಿಯೇ ಎಲ್ಲರೂ 2 ಜಿಇವಿ (ಗಿಗಾ ಎಲೆಕ್ಟ್ರಾನ್‌ವೋಲ್ಟ್), 3 ಜಿಇವಿ ಎಂದು ಸಂವೇಗ ಏರಿಸುತ್ತಿರುವುದು, ಏರಿಸಿದಷ್ಟೂ ಗದ್ದಲದಲ್ಲಿ ಸಿಕ್ಕಿಕೊಳ್ಳುತ್ತಿರುವುದು.

ಉದ್ದಕ್ಕೂ ಬಳಸುವ ಉದಾಹರಣೆ

ಅಂಕಿಗಳಿಲ್ಲದೆ ಈ ವಿಷಯ ತಲೆಗೆ ಹತ್ತುವುದಿಲ್ಲ. ಒಂದು ಲ್ಯಾಟಿಸ್ ಇಟ್ಟುಕೊಳ್ಳೋಣ: ಅಳತೆ 32³×64, ಬಿಂದುಗಳ ನಡುವಿನ ಅಂತರ 0.09 ಫರ್ಮಿ (ಒಂದು ಫರ್ಮಿ ಎಂದರೆ 10⁻¹⁵ ಮೀಟರ್), ಪಯಾನ್ (ಒಂದು ಕ್ವಾರ್ಕ್, ಒಂದು ಆಂಟಿಕ್ವಾರ್ಕ್ ಸೇರಿದ ಹಗುರ ಕಣ) ದ್ರವ್ಯರಾಶಿ 0.30 ಜಿಇವಿ, ನ್ಯೂಕ್ಲಿಯಾನ್ ದ್ರವ್ಯರಾಶಿ 1.05 ಜಿಇವಿ. ಪೆಟ್ಟಿಗೆಯ ಬದಿ 2.88 ಫರ್ಮಿ. ಸಂವೇಗ ಇಲ್ಲಿ ಬೇಕಾದಷ್ಟು ಸಿಗುವುದಿಲ್ಲ, 0.43 ಜಿಇವಿಯ ಗುಣಕಗಳಲ್ಲೇ ಸಿಗುತ್ತದೆ. ಐದು ಘಟಕ ಕೊಟ್ಟರೆ 2.15 ಜಿಇವಿ, ಆಗ ನ್ಯೂಕ್ಲಿಯಾನ್ ಶಕ್ತಿ ಸುಮಾರು 2.40 ಜಿಇವಿ.

ಗದ್ದಲ ಹುಟ್ಟುವುದು ಎಲ್ಲಿ

ಪರೀಸಿ 1984ರಲ್ಲಿ, ಲೆಪಾಜ್ 1989ರಲ್ಲಿ ವಿವರಿಸಿದ ವಾದ ಇದು. ಸಂಕೇತ ನ್ಯೂಕ್ಲಿಯಾನ್ ಶಕ್ತಿಗೆ ತಕ್ಕಂತೆ ಘಾತೀಯವಾಗಿ ಕುಸಿಯುತ್ತದೆ. ಗದ್ದಲ ಅಷ್ಟು ಬೇಗ ಕುಸಿಯುವುದಿಲ್ಲ. ಗದ್ದಲದ ವರ್ಗವೆಂದರೆ ಕೊರಿಲೇಟರನ್ನು ಅದರದೇ ಕಾಂಜುಗೇಟ್ ಜೊತೆ ಗುಣಿಸಿದ್ದು. ಅದರಲ್ಲಿ ಮೂರು ಕ್ವಾರ್ಕ್, ಮೂರು ಆಂಟಿಕ್ವಾರ್ಕ್ ಇರುತ್ತವೆ. ಆ ಆರೂ ಕೂಡಿ ಆಗಬಲ್ಲ ಅತಿ ಹಗುರ ಸ್ಥಿತಿ ಮೂರು ಪಯಾನ್. ನೀವು ಕೊಟ್ಟ ಸಂವೇಗ ಒಂದರಲ್ಲಿ ಕೂಡಿ ಇನ್ನೊಂದರಲ್ಲಿ ಕಳೆದುಹೋಗುವುದರಿಂದ ಆ ಮೂರು ಪಯಾನ್‌ಗಳು ನಿಂತೇ ಇರುತ್ತವೆ. ಪ್ರೋಟಾನನ್ನು ಎಷ್ಟು ಓಡಿಸಿದರೂ ಗದ್ದಲ ಓಡುವುದಿಲ್ಲ. ಸಮಸ್ಯೆಯ ಬೇರು ಇಷ್ಟೇ.

ಲೆಕ್ಕಕ್ಕೆ ಬರೋಣ. ಸಂಕೇತ ಮತ್ತು ಗದ್ದಲದ ಅನುಪಾತ ಕುಸಿಯುವ ದರ, ನ್ಯೂಕ್ಲಿಯಾನ್ ಶಕ್ತಿಯಿಂದ ಒಂದೂವರೆ ಪಯಾನ್ ದ್ರವ್ಯರಾಶಿ ಕಳೆದಷ್ಟು. ನಿಂತ ನ್ಯೂಕ್ಲಿಯಾನಿಗೆ ಅದು 0.60 ಜಿಇವಿ: ಪ್ರತಿ ಹೆಜ್ಜೆಗೂ ಅನುಪಾತ ಹಿಂದಿನದರ 0.76ಕ್ಕೆ ಇಳಿಯುತ್ತದೆ. 2.15 ಜಿಇವಿಯಲ್ಲಿ ಓಡುವುದಕ್ಕೆ 1.95 ಜಿಇವಿ: ಪ್ರತಿ ಹೆಜ್ಜೆಗೂ 0.41ಕ್ಕೆ ಇಳಿಯುತ್ತದೆ. ಹತ್ತನೇ ಹೆಜ್ಜೆಯಲ್ಲಿ, ಅಂದರೆ 0.9 ಫರ್ಮಿಯಲ್ಲಿ, ನಿಂತದ್ದರ ಅನುಪಾತ 0.065ರಷ್ಟಾದರೆ ಓಡುವುದರದು 0.00014. ಎರಡರ ನಡುವೆ ಸುಮಾರು 460 ಪಟ್ಟು. ದೋಷ ಮಾದರಿಗಳ ವರ್ಗಮೂಲಕ್ಕೆ ತಕ್ಕಂತೆ ಇಳಿಯುವುದರಿಂದ, ಅದೇ ನಿಖರತೆಗೆ 2 ಲಕ್ಷ ಪಟ್ಟು ಹೆಚ್ಚು ಮಾದರಿ ಬೇಕು. ಬರೀ ಕಾನ್ಫಿಗರೇಶನ್ ಸುರಿದು ಇದನ್ನು ಗೆಲ್ಲಲು ಹೊರಡುವುದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಇದೇ ಅಂಕಿಯನ್ನು ತಿರುಗಿಸಿ ನೋಡಿ. ಒಂದೊಂದು ಹೆಜ್ಜೆಗೂ ದೋಷ 2.4 ಪಟ್ಟು ಬೆಳೆಯುತ್ತದೆ ಎಂದರೆ, ತಳಸ್ಥಿತಿ (ಅತಿ ಕಡಿಮೆ ಶಕ್ತಿಯ, ನಮಗೆ ಬೇಕಾದ ಸ್ಥಿತಿ) ಒಂದು ಹೆಜ್ಜೆ ಮೊದಲೇ ಸ್ವಚ್ಛವಾಗಿ ಕಂಡರೆ ಮಾದರಿಗಳಲ್ಲಿ ಸುಮಾರು 6 ಪಟ್ಟು ಉಳಿತಾಯ. ಎರಡು ಹೆಜ್ಜೆಗೆ 35 ಪಟ್ಟು. ಆದ್ದರಿಂದ ನಮ್ಮ ಕ್ರಮ ಹೀಗೆ: ಮೊದಲು ಸಂಕೇತ ಬೇಗ ಸ್ವಚ್ಛವಾಗುವಂತೆ ಸೋರ್ಸ್ ಮತ್ತು ಸಿಂಕನ್ನು ಹದಗೊಳಿಸುವುದು, ಆಮೇಲೆ ಅಗ್ಗದ ಮಾದರಿಗಳನ್ನು ಹೆಚ್ಚಿಸುವುದು, ಕೊನೆಗೆ ಕಾನ್ಫಿಗರೇಶನ್ ಕೇಳುವುದು.

ಬೇಕಾದ ಸಾಮಗ್ರಿ

ಒಂದಕ್ಕೊಂದು ಸಾಕಷ್ಟು ದೂರವಿರುವ 20ರಿಂದ 50 ಕಾನ್ಫಿಗರೇಶನ್ ಪ್ರಯೋಗಕ್ಕೆ ಸಾಕು. ಪೂರ್ಣ ಓಟಕ್ಕೆ ಕೆಲವು ನೂರು ಬೇಕು. ಸ್ಮಿಯರಿಂಗ್ (ಕ್ವಾರ್ಕನ್ನು ಸುತ್ತಲೂ ಹರಡುವ, ಹಂತ 2ರಲ್ಲಿ ವಿವರಿಸುವ) ಕೋಡನ್ನು ತೆರೆದು ತಿದ್ದಲು ಬರುವ ಸಾಫ್ಟ್‌ವೇರ್ ಇರಲಿ. ಕ್ರೋಮಾ, ಗ್ರಿಡ್ ಎರಡರಲ್ಲೂ ಅದು ಸಾಧ್ಯ. ಮಲ್ಟಿಗ್ರಿಡ್ ಸಾಲ್ವರ್ (ಇನ್ವರ್ಶನ್ ಬೇಗ ಮುಗಿಸುವ ಪ್ರೋಗ್ರಾಂ) ಇದ್ದರೆ ಒಳ್ಳೆಯದು, ಹಗುರ ಪಯಾನ್‌ಗಳಿಗಂತೂ ಅನಿವಾರ್ಯ. ಡಿಸ್ಕ್ ಜಾಗವನ್ನು ಧಾರಾಳವಾಗಿ ಕೇಳಿ, ಏಕೆಂದರೆ ಪ್ರತಿ ಸೋರ್ಸಿನ ಕೊರಿಲೇಟರನ್ನೂ ಬೇರೆ ಬೇರೆಯಾಗಿಯೇ ಉಳಿಸಬೇಕಾಗುತ್ತದೆ. ಸರಾಸರಿ ಮಾಡಿ ಉಳಿಸಿದವರು ಮುಂದೆ ಪರೀಕ್ಷೆ ಮಾಡಲಾರದೆ ಮತ್ತೆ ಓಡಿಸಬೇಕಾಗುತ್ತದೆ.

ಹಂತ 1: ಮೊದಲು ಬೇಸ್‌ಲೈನ್ ಅಳೆಯಿರಿ

ಸಾಮಾನ್ಯ ಗೌಸಿಯನ್ ಸ್ಮಿಯರಿಂಗ್ ಇಟ್ಟುಕೊಂಡೇ 0ರಿಂದ 5 ಘಟಕದವರೆಗಿನ ಎಲ್ಲ ಸಂವೇಗಗಳಿಗೂ ಕೊರಿಲೇಟರ್ ತೆಗೆಯಿರಿ. ಪ್ರತಿ ಸಂವೇಗಕ್ಕೂ ಸಂಕೇತ-ಗದ್ದಲ ಅನುಪಾತವನ್ನು ಹೆಜ್ಜೆಗೆ ಎದುರಾಗಿ ಲಾಗ್ ಅಳತೆಯಲ್ಲಿ ಬಿಡಿಸಿ. ಇಳಿಜಾರು ಮೇಲೆ ಹೇಳಿದ ದರಕ್ಕೆ ಹತ್ತಿರವಿದ್ದರೆ ಕೋಡ್ ಸರಿಯಿದೆ, ಗದ್ದಲ ಸಹಜವಾದದ್ದು. ಇಳಿಜಾರು ಅದಕ್ಕಿಂತ ತೀರ ಕಡಿದಾಗಿದ್ದರೆ ಗದ್ದಲದ ಮದ್ದು ಹುಡುಕುವ ಮೊದಲು ಕೋಡಿನ ತಪ್ಪು ಹುಡುಕಿ. ಈ ಹಂತಕ್ಕೆ ಒಂದು ದಿನ ಸಾಕು, ಬಿಡಬೇಡಿ: ಮುಂದಿನ ಪ್ರತಿ ಬದಲಾವಣೆ ಎಷ್ಟು ಲಾಭ ತಂದಿತು ಎಂದು ಹೇಳಬಲ್ಲದ್ದು ಈ ಚಿತ್ರವೇ.

ಹಂತ 2: ಸ್ಮಿಯರಿಂಗಿಗೆ ಸಂವೇಗ ಕೊಡಿ

ಒಟ್ಟು ಲಾಭದ ದೊಡ್ಡ ಪಾಲು ಇಲ್ಲಿದೆ, ಹಾಗಾಗಿ ನಿಧಾನವಾಗಿ ಹೋಗೋಣ.

ಸ್ಮಿಯರಿಂಗ್ ಎಂದರೆ ಕ್ವಾರ್ಕನ್ನು ಒಂದೇ ಬಿಂದುವಿನಲ್ಲಿ ಇಡದೆ ಸುತ್ತಲೂ ಹರಡುವುದು. ವುಪರ್ಟಾಲ್ ವಿಧಾನದಲ್ಲಿ ಪ್ರತಿ ಸುತ್ತಿಗೂ ಬಿಂದುವಿನ ಮೌಲ್ಯಕ್ಕೆ ಆರು ನೆರೆಬಿಂದುಗಳ ಮೌಲ್ಯವನ್ನು ಕಪ್ಪಾ ಎಂಬ ತೂಕದಿಂದ ಗುಣಿಸಿ ಕೂಡಿಸುತ್ತೇವೆ. ಗೇಜ್ ಲಿಂಕ್‌ಗಳು (ನೆರೆಬಿಂದುಗಳ ನಡುವೆ ಗ್ಲುವಾನ್ ಕ್ಷೇತ್ರವನ್ನು ಹೊತ್ತ ಮ್ಯಾಟ್ರಿಕ್ಸ್‌ಗಳು) ನಡುವೆ ಸೇತುವೆಯಾಗುತ್ತವೆ. ಕಪ್ಪಾ 0.25, ಸುತ್ತು 50 ಇಟ್ಟರೆ ಹರಡುವಿಕೆ ಎಷ್ಟು? ಗೇಜ್ ಕ್ಷೇತ್ರವಿಲ್ಲದ ಸರಳ ಲೆಕ್ಕದಲ್ಲಿ ಪ್ರತಿ ಸುತ್ತಿಗೆ ಪ್ರತಿ ದಿಕ್ಕಿನಲ್ಲಿ ಹರಡುವಿಕೆಯ ವರ್ಗ 0.2 ಏರುತ್ತದೆ. 50 ಸುತ್ತಿಗೆ 10, ಮೂರು ದಿಕ್ಕಿಗೆ 30, ಅದರ ವರ್ಗಮೂಲ 5.5 ಬಿಂದು, ಅಂದರೆ 0.49 ಫರ್ಮಿ. ನಿಂತ ನ್ಯೂಕ್ಲಿಯಾನಿಗೆ ಇದು ಒಳ್ಳೆಯ ಹದ.

ಓಡುವ ನ್ಯೂಕ್ಲಿಯಾನಿಗೆ ಇದೇ ಹದ ಶತ್ರುವಾಗುತ್ತದೆ. ಜಾಗದಲ್ಲಿ ಅಗಲವಾಗಿ ಹರಡಿದ ಕ್ವಾರ್ಕ್ ಸಂವೇಗದಲ್ಲಿ ಸೊನ್ನೆಯ ಸುತ್ತ ಮುದ್ದೆಯಾಗಿ ಕೂರುತ್ತದೆ. ನಮ್ಮ ಲ್ಯಾಟಿಸ್ ಮೇಲೆ ಐದು ಘಟಕದ ಸಂವೇಗ ಬಿಂದುವಿಗೆ 0.98 ರೇಡಿಯನ್. ಪ್ರತಿ ಕ್ವಾರ್ಕಿಗೆ ಮೂರನೇ ಒಂದು ಪಾಲು, 0.33. ಈ ಸಂವೇಗದಲ್ಲಿ ಗೌಸಿಯನ್ ಎತ್ತರ 0.59ಕ್ಕೆ ಇಳಿದಿರುತ್ತದೆ. ಮೂರು ಕ್ವಾರ್ಕ್‌ಗೆ 0.2, ಸೋರ್ಸ್ ಮತ್ತು ಸಿಂಕ್ ಎರಡಕ್ಕೂ ಸೇರಿ 0.04. ಸಂಕೇತ 25ರಲ್ಲಿ 1 ಪಾಲಿಗೆ ಇಳಿಯಿತು, ಗದ್ದಲ ಇದ್ದಲ್ಲೇ ಇತ್ತು.

2016ರಲ್ಲಿ ಬಾಲಿ, ಲಾಂಗ್, ಮುಶ್, ಶೇಫರ್ ಸೂಚಿಸಿದ ಪರಿಹಾರ ತುಂಬ ಸರಳ: ಆ ಗೌಸಿಯನ್ ಮುದ್ದೆಯನ್ನು ಸೊನ್ನೆಯಿಂದ ಎತ್ತಿ ಕ್ವಾರ್ಕಿನ ಸಂವೇಗದ ಮೇಲೆಯೇ ಕೂರಿಸುವುದು. ಅದಕ್ಕೆ ಸ್ಮಿಯರಿಂಗ್ ಬಳಸುವ ಲಿಂಕ್‌ಗಳಿಗೆ, ಓಡುವ ದಿಕ್ಕಿನಲ್ಲಿ, ಒಂದು ಫೇಸ್ (ಒಂದು ಕೋನದಷ್ಟು ತಿರುಗಿಸುವ, ಗಾತ್ರ 1 ಇರುವ ಸಂಕೀರ್ಣ ಸಂಖ್ಯೆ) ಗುಣಿಸಿದರೆ ಮುಗಿಯಿತು.

ಮಾಡುವ ರೀತಿ:

1. ಗೇಜ್ ಲಿಂಕ್‌ಗಳನ್ನು ಎಪಿಇ ಅಥವಾ ಸ್ಟೌಟ್ ವಿಧಾನದಿಂದ ನಯಗೊಳಿಸಿ. ಕಾಲದ ದಿಕ್ಕಿನ ಲಿಂಕ್‌ಗಳನ್ನು ಮುಟ್ಟಬೇಡಿ.

2. ಆ ನಯವಾದ ಲಿಂಕ್‌ಗಳ ಇನ್ನೊಂದು ಪ್ರತಿ ಮಾಡಿ, ಓಡುವ ದಿಕ್ಕಿನ ಲಿಂಕ್‌ಗಳಿಗೆ ಫೇಸ್ ಗುಣಿಸಿ. ಫೇಸಿನ ಕೋನ ಪ್ರೋಟಾನ್ ಸಂವೇಗಕ್ಕೆ ಜೀಟಾ ಎಂಬ ಭಾಗಾಂಶ ಗುಣಿಸಿದಷ್ಟು. ಜೀಟಾ 0.45 ಎಂದರೆ ನಮ್ಮ ಉದಾಹರಣೆಯಲ್ಲಿ ಲಿಂಕಿಗೆ 0.44 ರೇಡಿಯನ್, ಅಂದರೆ 25 ಡಿಗ್ರಿ: ಗುಣಿಸುವ ಸಂಕೀರ್ಣ ಸಂಖ್ಯೆಯ ವಾಸ್ತವ ಭಾಗ 0.90, ಕಾಲ್ಪನಿಕ ಭಾಗ 0.43. ಈ ಕೋನ ಪೆಟ್ಟಿಗೆಯ ಸಂವೇಗ ಘಟಕದ ಗುಣಕವೇ ಆಗಬೇಕೆಂದಿಲ್ಲ. ಹರಡುವಿಕೆ ಪೆಟ್ಟಿಗೆಗಿಂತ ಸಾಕಷ್ಟು ಚಿಕ್ಕದಿದ್ದರೆ ಯಾವ ಮೌಲ್ಯವಾದರೂ ಸರಿ.

3. ಈ ಪ್ರತಿಯನ್ನು ಹಳೆಯ ಸ್ಮಿಯರಿಂಗ್ ರೂಟೀನಿಗೇ ಕೊಡಿ. ಹೊಸ ರೂಟೀನ್ ಬರೆಯುವ ಅಗತ್ಯವಿಲ್ಲ.

4. ಡಿರಾಕ್ ಮ್ಯಾಟ್ರಿಕ್ಸಿಗೆ ಮೂಲ ಲಿಂಕ್‌ಗಳನ್ನೇ ಕೊಡಿ. ಫೇಸ್ ಹಾಕಿದ ಲಿಂಕ್‌ಗಳು ತಪ್ಪಿ ಇನ್ವರ್ಶನ್ನಿಗೆ ಹೋದರೆ ಲೆಕ್ಕ ನಿಲ್ಲುವುದಿಲ್ಲ, ಉತ್ತರ ಮಾತ್ರ ತಪ್ಪಾಗುತ್ತದೆ. ಈ ತಪ್ಪು ಕಣ್ಣಿಗೆ ಬೀಳುವುದು ಕಷ್ಟ, ಆದ್ದರಿಂದ ಎರಡು ಪ್ರತಿಗಳಿಗೂ ಕೋಡಿನಲ್ಲಿ ಬೇರೆ ಬೇರೆ ಹೆಸರಿಡಿ.

5. ಸಿಂಕ್ ಸ್ಮಿಯರಿಂಗಿನಲ್ಲೂ ಅದೇ ಫೇಸ್ ಬಳಸಿ.

ಎಡವುವ ಜಾಗಗಳಲ್ಲಿ ಮೊದಲನೆಯದು ಫೇಸಿನ ಚಿಹ್ನೆ. ಫೂರಿಯರ್ ಪರಿವರ್ತನೆಯಲ್ಲಿ ನಿಮ್ಮ ಕೋಡ್ ಧನ ಚಿಹ್ನೆ ಬಳಸುತ್ತದೋ ಋಣವೋ ಎಂಬುದರ ಮೇಲೆ ಫೇಸಿನ ಚಿಹ್ನೆಯೂ ನಿಲ್ಲುತ್ತದೆ. ತಪ್ಪಿದರೆ ಫೇಸ್ ಇಲ್ಲದ್ದಕ್ಕಿಂತಲೂ ಕೆಟ್ಟ ಫಲಿತಾಂಶ ಬರುತ್ತದೆ, ಮತ್ತು "ಈ ವಿಧಾನ ಕೆಲಸ ಮಾಡುವುದಿಲ್ಲ" ಎಂಬ ತಪ್ಪು ತೀರ್ಮಾನಕ್ಕೆ ಬಂದುಬಿಡುತ್ತೀರಿ. ಪರೀಕ್ಷೆ ಐದು ನಿಮಿಷದ ಕೆಲಸ: ಎಲ್ಲ ಲಿಂಕ್‌ಗಳನ್ನೂ ಐಡೆಂಟಿಟಿ ಮ್ಯಾಟ್ರಿಕ್ಸ್ ಮಾಡಿ, ಒಂದೇ ಬಿಂದುವಿನ ಸೋರ್ಸನ್ನು ಸ್ಮಿಯರ್ ಮಾಡಿ, ಬಂದದ್ದನ್ನು ಫೂರಿಯರ್ ಪರಿವರ್ತಿಸಿ. ಕೋನ 0.39 (ಎರಡು ಘಟಕ) ಇಟ್ಟಿದ್ದರೆ ಶಿಖರ ಎರಡನೇ ಘಟಕದ ಮೇಲೆಯೇ ಬರಬೇಕು. ಮೈನಸ್ ಎರಡರ ಮೇಲೆ ಬಂದರೆ ಚಿಹ್ನೆ ತಿರುಗಿಸಿ. ಇದರ ಜೊತೆಗೆ ಗೇಜ್ ಪರೀಕ್ಷೆಯನ್ನೂ ಮಾಡಿ: ನಿಜವಾದ ಕಾನ್ಫಿಗರೇಶನ್ ಮೇಲೆ ಯಾದೃಚ್ಛಿಕ ಗೇಜ್ ಪರಿವರ್ತನೆ (ಭೌತಶಾಸ್ತ್ರ ಬದಲಿಸದೆ ಲಿಂಕ್‌ಗಳ ಬರವಣಿಗೆಯನ್ನಷ್ಟೇ ಬದಲಿಸುವುದು) ಹಾಕಿ ಕೊರಿಲೇಟರ್ ಮತ್ತೆ ತೆಗೆದರೆ ಸಾಲ್ವರ್ ನಿಖರತೆಯ ಮಟ್ಟಕ್ಕೆ ಅದೇ ಉತ್ತರ ಬರಬೇಕು.

ಎರಡನೆಯದು ಜೀಟಾ. ಮೂರು ಕ್ವಾರ್ಕ್ ಇರುವುದರಿಂದ ಮೂರನೇ ಒಂದು ಎಂದು ಎಲ್ಲರೂ ಊಹಿಸುತ್ತಾರೆ. ಆದರೆ ಪ್ರಯೋಗದಲ್ಲಿ ಉತ್ತಮ ಬೆಲೆ ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚಾಗಿರುತ್ತದೆ. ನಿಮ್ಮ ಸ್ಮಿಯರಿಂಗ್ ಅಗಲದ ಮೇಲೂ ಅದು ನಿಲ್ಲುತ್ತದೆ. 0.3, 0.45, 0.6, 0.75 ಈ ನಾಲ್ಕನ್ನು 20 ಕಾನ್ಫಿಗರೇಶನ್ ಮೇಲೆ ಓಡಿಸಿ, ಆರು ಮತ್ತು ಎಂಟನೇ ಹೆಜ್ಜೆಗಳಲ್ಲಿ ಯಾವುದರ ದೋಷ ಕಡಿಮೆಯೋ ಅದನ್ನು ಆರಿಸಿ. ತೀರ ಸೂಕ್ಷ್ಮವಾಗಿ ಹುಡುಕುವುದು ಬೇಡ, ಹದದ ಆಸುಪಾಸಿನಲ್ಲಿ ಇಳಿತ ಮೆಲ್ಲನೆ ಇರುತ್ತದೆ. ಬೇರೆಯವರ ಲೇಖನದಿಂದ ಜೀಟಾ ಎತ್ತಿಕೊಂಡು ಬರುವುದಕ್ಕಿಂತ ಈ ಅರ್ಧ ದಿನದ ಓಟ ಲೇಸು.

ಮೂರನೆಯದು ಖರ್ಚು. ಸಾಮಾನ್ಯ ಸ್ಮಿಯರಿಂಗಿನಲ್ಲಿ ಒಂದು ಇನ್ವರ್ಶನ್ನಿನಿಂದ ಎಲ್ಲ ಸಂವೇಗಗಳೂ ಪುಕ್ಕಟೆ ಸಿಗುತ್ತಿದ್ದವು. ಇಲ್ಲಿ ಪ್ರತಿ ಫೇಸಿಗೂ ಹೊಸ ಇನ್ವರ್ಶನ್. ನ್ಯೂಕ್ಲಿಯಾನಿನ ಮೂರೂ ಕ್ವಾರ್ಕ್‌ಗಳಿಗೆ ಒಂದೇ ಫೇಸ್ ಸಾಕು, ಅಷ್ಟು ಸಮಾಧಾನ. ಪಯಾನಿಗಾದರೆ ಆಂಟಿಕ್ವಾರ್ಕಿಗೆ ಎದುರು ಚಿಹ್ನೆಯ ಇನ್ನೊಂದು ಬೇಕಾಗುತ್ತದೆ. ಐದು ಘಟಕಕ್ಕೆ ಹದಮಾಡಿದ ಫೇಸ್ ನಾಲ್ಕು ಮತ್ತು ಆರು ಘಟಕಕ್ಕೂ ಚೆನ್ನಾಗಿಯೇ ನಡೆಯುತ್ತದೆ. ಆದ್ದರಿಂದ ಎರಡು ಅಥವಾ ಮೂರು ಫೇಸ್‌ಗಳಲ್ಲಿ ಇಡೀ ಸಂವೇಗ ಶ್ರೇಣಿಯನ್ನು ಹಿಡಿಯಲು ನೋಡಿ. ಎಕ್ಸ್, ವೈ, ಝಡ್ ದಿಕ್ಕುಗಳನ್ನೂ ಅವುಗಳ ಎದುರು ದಿಕ್ಕುಗಳನ್ನೂ ಸರಾಸರಿ ಮಾಡುವ ಆಸೆ ಎಲ್ಲರಿಗೂ ಇರುತ್ತದೆ. ಅದಕ್ಕೆ ಆರು ಪಟ್ಟು ಇನ್ವರ್ಶನ್ ಆಗುತ್ತದೆಂದು ನೆನಪಿರಲಿ. ಅಷ್ಟೇ ಖರ್ಚಿನಲ್ಲಿ ಒಂದೇ ದಿಕ್ಕಿಗೆ ಆರು ಪಟ್ಟು ಸೋರ್ಸ್ ಇಡಬಹುದು. ಎರಡನ್ನೂ ಅಳೆದು ನಿರ್ಧರಿಸಿ.

ಇನ್ನೂ ಒಂದು ಆಯ್ಕೆ ಡಿಸ್ಟಿಲೇಶನ್: ಲಪ್ಲಾಸಿಯನ್ನಿನ ಕೆಳಗಿನ ಕೆಲವು ಐಗನ್‌ವೆಕ್ಟರ್‌ಗಳಿಂದಲೇ ಸ್ಮಿಯರಿಂಗ್ ಕಟ್ಟುವುದು. ಅದಕ್ಕೂ ಇದೇ ಬಗೆಯ ಫೇಸ್ ಹಾಕಬಹುದು ಎಂದು 2021ರಲ್ಲಿ ಎಗರರ್ ಮತ್ತು ಜೊತೆಗಾರರು ತೋರಿಸಿದ್ದಾರೆ. ಪೆಟ್ಟಿಗೆ ದೊಡ್ಡದಾದಷ್ಟೂ ಐಗನ್‌ವೆಕ್ಟರ್ ಸಂಖ್ಯೆ ಏರಿ ಖರ್ಚು ಬೆಟ್ಟವಾಗುವುದರಿಂದ ಹೊಸಬರಿಗೆ ನಾನು ಮೊದಲು ಇದನ್ನು ಹೇಳುವುದಿಲ್ಲ.

ಹಂತ 3: ಆಪರೇಟರ್ ಬದಲಿಸಿ ನೋಡಿ

ಇನ್ವರ್ಶನ್ ಒಂದೂ ಹೆಚ್ಚಾಗದೆ ಸಿಗುವ ಲಾಭ ಇದು, ಆದ್ದರಿಂದ ಬಿಡಬಾರದು. ಆಪರೇಟರ್ ಎಂದರೆ ಮೂರು ಕ್ವಾರ್ಕ್‌ಗಳನ್ನು ಯಾವ ಬಗೆಯಲ್ಲಿ ಹೆಣೆದು ಪ್ರೋಟಾನ್ ಮಾಡುತ್ತೇವೆ ಎಂಬುದು. ರೂಢಿಯ ಹೆಣಿಗೆಯಲ್ಲಿ ಒಂದು ಅಪ್ ಮತ್ತು ಒಂದು ಡೌನ್ ಕ್ವಾರ್ಕನ್ನು ಗಾಮಾ-5 (ಡಿರಾಕ್ ಸಮೀಕರಣದ ಗಾಮಾ ಮ್ಯಾಟ್ರಿಕ್ಸ್‌ಗಳಲ್ಲಿ ಒಂದು) ನಡುವಿಟ್ಟು ಜೋಡಿಮಾಡುತ್ತೇವೆ. ಆ ಜೋಡಿಯೊಳಗೆ ಕಾಲದ ಗಾಮಾ ಅಥವಾ ಓಡುವ ದಿಕ್ಕಿನ ಗಾಮಾವನ್ನೂ ಸೇರಿಸಿದರೆ ಆಪರೇಟರಿಗೆ ಒಂದು ವೆಕ್ಟರ್ ಸೂಚಿ ಬರುತ್ತದೆ. ಆ ಸೂಚಿಯನ್ನು ಹೊರಲು ಪ್ರೋಟಾನಿನ ಬಳಿ ಇರುವ ಮುಖ್ಯ ವಸ್ತು ಅದರ ಶಕ್ತಿ-ಸಂವೇಗ. ಆದ್ದರಿಂದ ಪ್ರೋಟಾನ್ ಜೊತೆಗಿನ ಹೊಂದಿಕೆ ಶಕ್ತಿಯೊಡನೆ ಬೆಳೆಯುತ್ತದೆ. ನಿಂತ ಪಯಾನ್‌ಗಳ ಗದ್ದಲಕ್ಕೆ ಈ ಬೆಳವಣಿಗೆ ಇಲ್ಲ. 2025ರ ಆರಂಭದಲ್ಲಿ ಹೊರಬಂದ ಒಂದು ಪ್ರಸ್ತಾಪ ಇದನ್ನೇ ಪಯಾನ್ ಮತ್ತು ನ್ಯೂಕ್ಲಿಯಾನ್ ಎರಡರ ಮೇಲೂ ಓಡಿಸಿ ತೋರಿಸಿದೆ.

ನಮ್ಮ ಉದಾಹರಣೆಯಲ್ಲಿ ಶಕ್ತಿ ಮತ್ತು ದ್ರವ್ಯರಾಶಿಯ ಅನುಪಾತ 2.3; ಸೋರ್ಸ್, ಸಿಂಕ್ ಎರಡೂ ಸೇರಿ ತತ್ವದಲ್ಲಿ 5 ಪಟ್ಟಿನ ಆಸುಪಾಸು. ನಿಮ್ಮ ಲ್ಯಾಟಿಸ್ ಮೇಲೆ ಎಷ್ಟು ಸಿಗುತ್ತದೆಂದು ಅಳೆದೇ ತಿಳಿಯಬೇಕು. ಎರಡು ಎಚ್ಚರಿಕೆ. ಘಾತೀಯ ಕುಸಿತದ ದರ ಇದರಿಂದ ಬದಲಾಗುವುದಿಲ್ಲ, ಗೆರೆ ಮೇಲಕ್ಕೆ ಸರಿಯುತ್ತದೆ ಅಷ್ಟೇ. ಉದ್ರಿಕ್ತ ಸ್ಥಿತಿಗಳ (ತಳಸ್ಥಿತಿಗಿಂತ ಮೇಲಿನ ಶಕ್ತಿಯವುಗಳ) ಹೊಂದಿಕೆಯೂ ಹೀಗೆಯೇ ಬೆಳೆಯುವುದರಿಂದ, ದೋಷ ಇಳಿಯಿತೆಂದು ಹಿಗ್ಗುವ ಮೊದಲು ಶಕ್ತಿ ಎಷ್ಟನೇ ಹೆಜ್ಜೆಯಲ್ಲಿ ಸಮತಟ್ಟಾಯಿತು ಎಂದು ನೋಡಿ.

ರೂಢಿಯ ಮತ್ತು ಹೊಸ ಆಪರೇಟರ್ ಎರಡನ್ನೂ ಇಟ್ಟುಕೊಂಡು 2×2 ಕೊರಿಲೇಟರ್ ಮ್ಯಾಟ್ರಿಕ್ಸ್ ಕಟ್ಟಿದರೆ ಇನ್ನೂ ಒಳ್ಳೆಯದು. ಸಾಮಾನ್ಯೀಕೃತ ಐಗನ್ ಸಮೀಕರಣದ ಮೂಲಕ ತಳಸ್ಥಿತಿಯನ್ನು ಬೇರ್ಪಡಿಸಬಹುದು. ಓಡುವ ನ್ಯೂಕ್ಲಿಯಾನಿಗೆ ಇದು ನಿಂತದ್ದಕ್ಕಿಂತ ಹೆಚ್ಚು ಮುಖ್ಯ, ಎರಡು ಕಾರಣಕ್ಕೆ. ಒಂದು, ಶಕ್ತಿ ಅಂತರ ಕುಗ್ಗುತ್ತದೆ: 1.55 ಜಿಇವಿಯ ಉದ್ರಿಕ್ತ ಸ್ಥಿತಿ ಇದ್ದರೆ, ನಿಂತಾಗ ಅಂತರ 0.50 ಜಿಇವಿ, 2.15 ಜಿಇವಿಯಲ್ಲಿ ಓಡುವಾಗ ಬರೀ 0.26. ಇನ್ನೊಂದು, ಓಡುವಾಗ ಪ್ಯಾರಿಟಿ ಪ್ರೊಜೆಕ್ಟರ್ (ಕನ್ನಡಿ ಬಿಂಬದಲ್ಲಿ ಬೇಕಾದ ಚಿಹ್ನೆಯ ಸ್ಥಿತಿಗಳನ್ನಷ್ಟೇ ಉಳಿಸುವ ಜರಡಿ) ಪೂರ್ತಿ ಶುದ್ಧವಲ್ಲ, ಎದುರು ಪ್ಯಾರಿಟಿಯ ಸ್ಥಿತಿಗಳೂ ಸೋರಿಕೊಂಡು ಬರುತ್ತವೆ.

ಹಂತ 4: ಅಗ್ಗದ ಮಾದರಿಗಳನ್ನು ಹೆಚ್ಚಿಸಿ

ಈಗ ಒಂದೇ ಕಾನ್ಫಿಗರೇಶನ್ನಿನಿಂದ ಹೆಚ್ಚು ಹಿಂಡುವ ಹೊತ್ತು. ಬ್ಲಮ್, ಇಜುಬುಚಿ, ಶಿಂತಾನಿ 2013ರಲ್ಲಿ ಕೊಟ್ಟ ಆಲ್-ಮೋಡ್ ಆವರೇಜಿಂಗ್ ಇದಕ್ಕೆ ನೆಚ್ಚಿನ ವಿಧಾನ. ಅನೇಕ ಸೋರ್ಸ್‌ಗಳಲ್ಲಿ ಸಾಲ್ವರನ್ನು ಅರ್ಧಕ್ಕೇ ನಿಲ್ಲಿಸಿ ಒರಟು ಉತ್ತರ ತೆಗೆಯುತ್ತೇವೆ. ಒಂದೆರಡು ಸೋರ್ಸ್‌ಗಳಲ್ಲಿ ಮಾತ್ರ ನಿಖರ ಉತ್ತರವನ್ನೂ ತೆಗೆದು, ನಿಖರ ಮತ್ತು ಒರಟಿನ ವ್ಯತ್ಯಾಸವನ್ನು ಸರಾಸರಿಗೆ ಕೂಡಿಸುತ್ತೇವೆ. ಆಗ ಒರಟುತನದಿಂದ ಬಂದ ವಾಲಿಕೆ ಸರಾಸರಿಯಲ್ಲಿ ಪೂರ್ತಿ ಅಳಿಸಿಹೋಗುತ್ತದೆ.

1. ನಿಖರ ಇನ್ವರ್ಶನ್ನಿಗೆ ರೆಸಿಡ್ಯುಅಲ್ (ಉಳಿಕೆ ದೋಷ) 10⁻⁸ ಅಥವಾ ಕಡಿಮೆ, ಒರಟಿಗೆ 10⁻³ರಿಂದ 10⁻⁴ರ ನಡುವೆ ಇಡಿ.

2. ನಮ್ಮ ಲ್ಯಾಟಿಸಿಗೆ 64 ಒರಟು ಸೋರ್ಸ್ ಹೀಗೆ ಹಂಚಬಹುದು: ಎಂಟು ಕಾಲಪದರ, ಪದರಕ್ಕೆ ಎಂಟು ಜಾಗ. ಪದರಗಳ ನಡುವೆ 0.72 ಫರ್ಮಿ, ಜಾಗಗಳ ನಡುವೆ 1.44 ಫರ್ಮಿ. ಒಂದು ಪದರ ಬಿಟ್ಟು ಒಂದರಲ್ಲಿ ಜಾಗಗಳನ್ನು ಕಾಲು ಪೆಟ್ಟಿಗೆಯಷ್ಟು ಸರಿಸಿದರೆ ಸೋರ್ಸ್‌ಗಳು ಒಂದಕ್ಕೊಂದು ಇನ್ನಷ್ಟು ದೂರವಾಗುತ್ತವೆ.

3. ಪ್ರತಿ ಕಾನ್ಫಿಗರೇಶನ್ನಿಗೂ ಇಡೀ ಜಾಲವನ್ನು ಯಾದೃಚ್ಛಿಕವಾಗಿ ಸರಿಸಿ. ಒಂದೇ ಜಾಗದಲ್ಲಿ ಬಿಟ್ಟರೆ ಅಕ್ಕಪಕ್ಕದ ಕಾನ್ಫಿಗರೇಶನ್‌ಗಳ ನಂಟು ಫಲಿತಾಂಶದಲ್ಲಿ ಉಳಿಯುತ್ತದೆ.

4. ನಿಖರ ಸೋರ್ಸ್ 64ರಲ್ಲಿ ಒಂದಾಗಿರಲಿ, ಅದರ ಒರಟು ಉತ್ತರವನ್ನು ಅದೇ ಜಾಗದಲ್ಲಿ ತೆಗೆಯಿರಿ.

ಇಲ್ಲಿ ಅಳೆಯಬೇಕಾದ್ದು ನಿಖರ ಮತ್ತು ಒರಟು ಉತ್ತರಗಳ ನಡುವಿನ ಸಹಸಂಬಂಧ. ಒಂದು ಸೋರ್ಸಿನ ವೇರಿಯನ್ಸಿಗೆ ಹೋಲಿಸಿದರೆ ಒಟ್ಟು ವೇರಿಯನ್ಸ್ ಸರಿಸುಮಾರು ಎರಡು ಪದಗಳ ಮೊತ್ತ: ಸೋರ್ಸ್ ಸಂಖ್ಯೆಯ ವಿಲೋಮ, ಮತ್ತು 1ರಿಂದ ಸಹಸಂಬಂಧ ಕಳೆದುದರ ಎರಡರಷ್ಟು. ಸಹಸಂಬಂಧ 0.999 ಇದ್ದರೆ 0.0156 ಮತ್ತು 0.002, ಒಟ್ಟು 0.018, ಪೂರ್ತಿ ಲಾಭ ಸಿಕ್ಕಿದಂತೆ. 0.98 ಇದ್ದರೆ ಎರಡನೇ ಪದವೇ 0.04, ಒಟ್ಟು 0.056, 64 ಸೋರ್ಸ್ ಇಟ್ಟು 18ರಷ್ಟು ಲಾಭ. ನಿಂತ ನ್ಯೂಕ್ಲಿಯಾನಿಗೆ ಅಳೆದು ಸರಿಯಿದೆ ಎಂದು ಬಿಡುವುದು ಇಲ್ಲಿ ಎಲ್ಲರೂ ಮಾಡುವ ತಪ್ಪು. ಓಡುವ ನ್ಯೂಕ್ಲಿಯಾನಿನ ಸಣ್ಣ ಸಂಕೇತ ದೊಡ್ಡ ಸಂಖ್ಯೆಗಳು ಒಂದನ್ನೊಂದು ಕಳೆದು ಉಳಿದದ್ದು; ಸಹಸಂಬಂಧವನ್ನು ಅತಿ ದೊಡ್ಡ ಸಂವೇಗದಲ್ಲಿ, ನೀವು ಬಳಸಲಿರುವ ಅತಿ ದೂರದ ಹೆಜ್ಜೆಯಲ್ಲಿಯೇ ಅಳೆಯಿರಿ. ಸಾಲದಿದ್ದರೆ ಒರಟಿನ ರೆಸಿಡ್ಯುಅಲನ್ನು ಬಿಗಿಮಾಡಿ, ಇಲ್ಲವೇ ನಿಖರ ಸೋರ್ಸ್‌ಗಳನ್ನು ನಾಲ್ಕಕ್ಕೆ ಏರಿಸಿ; ಆಗ ಎರಡನೇ ಪದ 0.01ಕ್ಕೆ ಇಳಿಯುತ್ತದೆ.

ಸೋರ್ಸ್ ಎಷ್ಟು ಸಾಕು? ಬಿಡಿ ಬಿಡಿಯಾಗಿ ಉಳಿಸಿದ ಕೊರಿಲೇಟರ್‌ಗಳಿಂದ 4, 8, 16, 32, 64 ಸೋರ್ಸ್‌ಗಳ ಸರಾಸರಿ ಮಾಡಿ ದೋಷವನ್ನು ಬಿಡಿಸಿ. ದುಪ್ಪಟ್ಟಿಗೆ 1.4 ಪಟ್ಟು ಇಳಿಯುತ್ತಿರುವವರೆಗೆ ಸೋರ್ಸ್ ಹೆಚ್ಚಿಸಿ. ಇಳಿತ ನಿಂತ ಜಾಗದಿಂದ ಮುಂದಕ್ಕೆ ಹಣ ಹಾಕಬೇಕಾದ್ದು ಹೊಸ ಕಾನ್ಫಿಗರೇಶನ್ ಮೇಲೆ.

ಹಂತ 5: ವಿಶ್ಲೇಷಣೆಯಲ್ಲಿ ಗದ್ದಲಕ್ಕೆ ಮೋಸಹೋಗಬೇಡಿ

ಇಲ್ಲಿ ಗದ್ದಲ ಇಳಿಯುವುದಿಲ್ಲ, ಇಳಿಯಿತೆಂಬ ಭ್ರಮೆ ಹುಟ್ಟಬಹುದು, ಅದನ್ನು ತಪ್ಪಿಸಬೇಕು. ಒಂದು ಕಾನ್ಫಿಗರೇಶನ್ನಿನ ಎಲ್ಲ ಸೋರ್ಸ್‌ಗಳನ್ನೂ ಮೊದಲು ಸರಾಸರಿ ಮಾಡಿ, ಆಮೇಲೆ ಜ್ಯಾಕ್‌ನೈಫ್ (ಒಂದೊಂದೇ ಗುಂಪು ಬಿಟ್ಟು ದೋಷ ಅಂದಾಜಿಸುವ ವಿಧಾನ) ಮಾಡಿ. ಸೋರ್ಸ್‌ಗಳನ್ನೇ ಸ್ವತಂತ್ರ ಮಾದರಿಗಳೆಂದು ಎಣಿಸಿದರೆ ದೋಷ ಸುಳ್ಳಾಗಿ ಚಿಕ್ಕದಾಗುತ್ತದೆ. ಬಿನ್ (ಅಕ್ಕಪಕ್ಕದ ಕಾನ್ಫಿಗರೇಶನ್‌ಗಳನ್ನು ಸರಾಸರಿ ಮಾಡಿದ ಗುಂಪು) ಗಾತ್ರವನ್ನು 1, 2, 5, 10 ಎಂದು ಏರಿಸಿ, ದೋಷ ಬೆಳೆಯುವುದು ನಿಂತ ಗಾತ್ರವನ್ನು ಬಳಸಿ.

ದೂರದ ಹೆಜ್ಜೆಗಳಲ್ಲಿ ಕೆಲವು ಬಿನ್‌ಗಳ ಕೊರಿಲೇಟರ್ ಋಣ ಸಂಖ್ಯೆಯಾಗುತ್ತದೆ, ಲಾಗರಿದಂ ತೆಗೆಯಲು ಬರುವುದಿಲ್ಲ. ಅಂಥ ಬಿನ್‌ಗಳನ್ನು ಬಿಸಾಡಿ ಉಳಿದವುಗಳಿಂದ ಶಕ್ತಿ ಲೆಕ್ಕಹಾಕಿದರೆ ಉತ್ತರ ಒಂದೇ ಕಡೆಗೆ ವಾಲುತ್ತದೆ. ಲಾಗರಿದಂ ಬಿಟ್ಟು ಕೊರಿಲೇಟರಿಗೇ ನೇರವಾಗಿ ಎರಡು ಘಾತೀಯಗಳ ಫಿಟ್ ಮಾಡಿ. ಸಹಸಂಬಂಧಿತ ಫಿಟ್ಟಿಗೆ ಹತ್ತು ಬಿಂದು ಬಳಸುವುದಾದರೆ ಸ್ವತಂತ್ರ ಬಿನ್ ಕನಿಷ್ಠ ನೂರಾದರೂ ಇರಲಿ, ಇಲ್ಲದಿದ್ದರೆ ಕೋವೇರಿಯನ್ಸ್ ಮ್ಯಾಟ್ರಿಕ್ಸ್ ನಂಬುವ ಹಾಗಿರುವುದಿಲ್ಲ.

ಕೊರಿಲೇಟರಿನ ಕಾಲ್ಪನಿಕ ಭಾಗ ದೋಷದೊಳಗೆ ಸೊನ್ನೆಯಾಗಿದೆಯೇ ನೋಡಿ. ಸಿಕ್ಕ ಶಕ್ತಿಯ ವರ್ಗ, ದ್ರವ್ಯರಾಶಿ ಮತ್ತು ಸಂವೇಗದ ವರ್ಗಗಳ ಮೊತ್ತಕ್ಕೆ ಹೊಂದುತ್ತದೆಯೇ ನೋಡಿ, ನಮಗೆ ಶಕ್ತಿ ಸುಮಾರು 2.40 ಜಿಇವಿ ಬರಬೇಕು. ಐದು ಘಟಕದಲ್ಲಿ ಬಿಂದುವಿಗೆ 0.98 ರೇಡಿಯನ್ ಎಂದರೆ ಲ್ಯಾಟಿಸ್ ಅಂತರದ ದೋಷ ತಲೆಯೆತ್ತುವ ಮಟ್ಟ. ಕೆಲವು ಶೇಕಡಾ ತಪ್ಪಿದರೆ ಅದು ಗದ್ದಲವಲ್ಲ, ಅದಕ್ಕೆ ಮದ್ದು ಇನ್ನೂ ಸಣ್ಣ ಅಂತರದ ಲ್ಯಾಟಿಸ್ ಮಾತ್ರ. ಹತ್ತಿಪ್ಪತ್ತು ಶೇಕಡಾ ಮೇಲಿದ್ದರೆ ಉದ್ರಿಕ್ತ ಸ್ಥಿತಿಗಳು ಇನ್ನೂ ಕುಳಿತಿವೆ ಎಂದರ್ಥ. 2024ರಲ್ಲಿ ವ್ಯಾಗ್ಮನ್ ಮುಂದಿಟ್ಟ ಲಾಂಜೋಸ್ ವಿಶ್ಲೇಷಣೆಯನ್ನೂ (ಕೊರಿಲೇಟರಿನಿಂದ ಶಕ್ತಿ ತೆಗೆಯುವ ಇನ್ನೊಂದು ವಿಧಾನ) ಇದೇ ದತ್ತಾಂಶದ ಮೇಲೆ ಓಡಿಸಿ ಹೋಲಿಸಬಹುದು. ಹೊಸ ಇನ್ವರ್ಶನ್ ಬೇಡ.

ಹಂತ 6: ಮೂರು ಬಿಂದುಗಳ ಕೊರಿಲೇಟರಿಗೆ ಹೋಗುವಾಗ

ಪ್ರೋಟಾನಿನೊಳಗೆ ಇಣುಕಬೇಕಾದರೆ ಸೋರ್ಸ್ ಮತ್ತು ಸಿಂಕ್ ನಡುವೆ ಇನ್ನೊಂದು ಆಪರೇಟರ್ ಇಡಬೇಕು. ಸಿಂಕಿನಿಂದ ಹಿಂದಕ್ಕೆ ಲೆಕ್ಕ ಹಾಕುವ ಸೀಕ್ವೆನ್ಶಿಯಲ್ ವಿಧಾನದಲ್ಲಿ ಸಿಂಕಿನ ಸಂವೇಗ ಮೊದಲೇ ನಿಗದಿಯಾಗಿರುತ್ತದೆ, ಪ್ರತಿ ಸಂವೇಗಕ್ಕೂ ಪ್ರತಿ ಅಂತರಕ್ಕೂ ಹೊಸ ಇನ್ವರ್ಶನ್. ಹೀಗಾಗಿ ಹಂತ 2ರಿಂದ 4ರವರೆಗಿನದನ್ನು ಎರಡು ಬಿಂದುಗಳ ಕೊರಿಲೇಟರಿನಲ್ಲೇ ಪೂರ್ತಿ ಹದಮಾಡಿಕೊಂಡು ಬನ್ನಿ.

ಇಲ್ಲಿ ಫೇಸಿನ ಚಿಹ್ನೆ ಮತ್ತೊಮ್ಮೆ ಕಾಡುತ್ತದೆ. ಸೀಕ್ವೆನ್ಶಿಯಲ್ ಇನ್ವರ್ಶನ್ನಿಗೆ ಮೊದಲು ಗಾಮಾ-5 ಬಳಸಿ ಸಿಂಕ್ ಭಾಗವನ್ನು ಕಾಂಜುಗೇಟ್ ಮಾಡುತ್ತೇವೆ. ಕಾಂಜುಗೇಟ್ ಆದಮೇಲೆ ಸ್ಮಿಯರ್ ಮಾಡುವುದಾದರೆ ಫೇಸಿನ ಚಿಹ್ನೆ ತಿರುಗಿಸಬೇಕು. ಸರಿಯಿದೆಯೇ ಎಂದು ತಿಳಿಯಲು ನಡುವಿನ ಆಪರೇಟರ್ ಜಾಗದಲ್ಲಿ ಸಂರಕ್ಷಿತ ವೆಕ್ಟರ್ ಪ್ರವಾಹದ ಕಾಲ ಘಟಕವನ್ನು ಇಡಿ. ಅಪ್ ಕ್ವಾರ್ಕಿಗೆ 2, ಡೌನ್ ಕ್ವಾರ್ಕಿಗೆ 1 ಎಂದು ಪ್ರೋಟಾನಿನ ಕ್ವಾರ್ಕ್ ಎಣಿಕೆಯೇ ಬರಬೇಕು. ಒಂದೇ ಕಾನ್ಫಿಗರೇಶನ್ ಮೇಲೂ ಇದು ಬಹಳ ಬಿಗಿಯಾಗಿ ಹೊಂದುತ್ತದೆ, ಹಾಗಾಗಿ ಗದ್ದಲದ ನೆಪ ಹೇಳಲಾಗುವುದಿಲ್ಲ.

ಅಂತರಗಳನ್ನು 6, 8, 10 ಹೆಜ್ಜೆ ಎಂದು ಮೂರಾದರೂ ಇಡಿ. ಗದ್ದಲ ಕಡಿಮೆ ಎಂದು 6ನ್ನು ಮಾತ್ರ ನೆಚ್ಚಿದರೆ ಉದ್ರಿಕ್ತ ಸ್ಥಿತಿಗಳು ಉತ್ತರದೊಳಗೆ ಉಳಿದುಬಿಡುತ್ತವೆ. ಪ್ರತಿ ಎರಡು ಹೆಜ್ಜೆಗೂ ದೋಷ 6 ಪಟ್ಟಿನ ಹತ್ತಿರ ಏರುತ್ತದೆ, ಆದ್ದರಿಂದ ಎಲ್ಲ ಅಂತರಕ್ಕೂ ಒಂದೇ ಸಂಖ್ಯೆಯ ಸೋರ್ಸ್ ಇಡುವುದು ದಂಡ. 6ಕ್ಕೆ 4, 8ಕ್ಕೆ 16, 10ಕ್ಕೆ 64 ಸೋರ್ಸ್ ಎಂಬ ಹಂಚಿಕೆಯಿಂದ ಶುರುಮಾಡಿ. ಉದ್ದದ ವಿಲ್ಸನ್ ಗೆರೆ (ಎರಡು ಬಿಂದುಗಳ ನಡುವಿನ ಲಿಂಕ್‌ಗಳನ್ನು ಸಾಲಾಗಿ ಗುಣಿಸಿದ್ದು) ಇರುವ ಆಪರೇಟರ್ ಆದರೆ ಆ ಗೆರೆಯ ಲಿಂಕ್‌ಗಳನ್ನು ಎಚ್‌ವೈಪಿ ಅಥವಾ ಸ್ಟೌಟ್ ವಿಧಾನದಿಂದ ಒಂದು ಸುತ್ತು ನಯಗೊಳಿಸಿದರೂ ದೂರದ ಬಿಂದುಗಳ ಗದ್ದಲ ಎದ್ದುಕಾಣುವಷ್ಟು ಇಳಿಯುತ್ತದೆ. ಎಷ್ಟು ಸುತ್ತು ಹಾಕಿದಿರಿ ಎಂಬುದನ್ನು ದತ್ತಾಂಶದ ಕಡತದಲ್ಲಿಯೇ ಬರೆದಿಡಿ, ಏಕೆಂದರೆ ರೀನಾರ್ಮಲೈಸೇಶನ್ (ಲ್ಯಾಟಿಸ್ ಉತ್ತರವನ್ನು ಪ್ರಯೋಗಕ್ಕೆ ಹೋಲಿಸಬಲ್ಲ ರೂಪಕ್ಕೆ ತರುವ) ಲೆಕ್ಕದಲ್ಲೂ ಅಷ್ಟೇ ಸುತ್ತು ಬಳಸಬೇಕು.